ಟರ್ಬೊ ಕಾರಿನ ‘ಬೂಸ್ಟ್’: ಬರೀ ‘ಒತ್ತಡ’ ಎಂದರೆ ಸಾಕೇ?

ಬಳಗದವರಿಗೆಲ್ಲ ನಮಸ್ಕಾರ.

ಕುಂಬಳೆಯಲ್ಲಿ ನನ್ನ ಅಳಿಯನದೊಂದು ಗ್ಯಾರೇಜ್ ಉಂಟು. ಅಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗರಲ್ಲಿ ಕೆಲವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ತುಳು, ಗ್ಯಾರೇಜಿನಲ್ಲಿ ಮಲಯಾಳ, ಓದುವುದು ಬರೆಯುವುದು ಕನ್ನಡ. ಅವರಿಗೆಂದು ಟರ್ಬೊ ಎಂಜಿನ್ ಬಗ್ಗೆ ನಾಲ್ಕಾರು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಬರವಣಿಗೆ ಒಂದು ಪದದ ಹತ್ತಿರ ಬಂದು ನಿಂತಿದೆ: ಬೂಸ್ಟ್ ಪ್ರೆಶರ್.

‘ಒತ್ತಡ’ ಎಂದು ಬರೆದು ಮುಂದೆ ಹೋಗಿ ಎಂದು ನೀವು ಹೇಳಬಹುದು. ಅಲ್ಲೇ ತೊಡಕು ಇರುವುದು. ಟರ್ಬೊ ಇಲ್ಲದ ಎಂಜಿನ್ ಹೊರಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ, ಅಷ್ಟೇ. ಸಮುದ್ರದ ಮಟ್ಟದಲ್ಲಿ ಆ ಗಾಳಿಯ ಒತ್ತಡ 1.013 ಬಾರ್ (ಬಾರ್ ಎಂದರೆ ಒತ್ತಡ ಅಳೆಯುವ ಮಾನ), ಟೈರಿಗೆ ಗಾಳಿ ತುಂಬುವವರ ಪಿಎಸ್ಐ ಲೆಕ್ಕದಲ್ಲಿ 14.7. ಟರ್ಬೊ ಇದ್ದರೆ ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೀಗೆ ಹೊರಗಿನ ಗಾಳಿಯ ಒತ್ತಡದ ಮೇಲೆ ಎಷ್ಟು ಸೇರಿತೋ ಅಷ್ಟು ಮಾತ್ರ ಬೂಸ್ಟ್. ಸಂಬಳದ ಮೇಲಿನ ಗಿಂಬಳ ಇದ್ದ ಹಾಗೆ. ಗಿಂಬಳ ಎಷ್ಟೆಂದು ಕೇಳಿದವರಿಗೆ ಸಂಬಳವನ್ನೂ ಸೇರಿಸಿ ಹೇಳಿದರೆ ಲೆಕ್ಕ ತಪ್ಪುತ್ತದಲ್ಲ!

ಇದು ಪಂಡಿತರ ಕೂದಲು ಸೀಳುವ ಚರ್ಚೆ ಅಲ್ಲ. ಮೊನ್ನೆ ಒಂದು ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿಗೆ ಹೊರಗಿನಿಂದ ತಂದ ಬೂಸ್ಟ್ ಮೀಟರ್ ಕೂರಿಸಿದ್ದರು. ಎಂಜಿನ್ ಆಫ್ ಇದ್ದಾಗ ಮುಳ್ಳು ಸೊನ್ನೆಯಲ್ಲಿತ್ತು. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟರೆ ಸೊನ್ನೆಗಿಂತ ಕೆಳಗಿಳಿಯಿತು. “ಮಾಷ್ಟ್ರೇ, ಒತ್ತಡ ಸೊನ್ನೆಗಿಂತ ಕಡಿಮೆ ಆಗುವುದು ಹೇಗೆ?” ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಮೀಟರಿನ ಸೊನ್ನೆ ಅಂದರೆ ಗಾಳಿಯೇ ಇಲ್ಲ ಅಂತಲ್ಲ, ಹೊರಗಿದ್ದಷ್ಟೇ ಒಳಗೂ ಉಂಟು ಅಂತ. ಆಮೇಲೆ ಕಾರನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮೀಟರ್ 1 ಬಾರ್ ತೋರಿಸಿತು. ಪಕ್ಕದಲ್ಲಿ ಕೂತವನ ಕೈಯ, ಕಾರಿನ ಸೆನ್ಸರನ್ನು ಓದುವ ಸ್ಕ್ಯಾನರ್ ಅದೇ ಹೊತ್ತಿಗೆ 200 ಕಿಲೋಪ್ಯಾಸ್ಕಲ್, ಅಂದರೆ 2 ಬಾರ್ ತೋರಿಸಿತು. ಎರಡೂ ಸರಿ. ಕಾರಿನ ಸೆನ್ಸರ್ ಒಟ್ಟು ಒತ್ತಡವನ್ನು ಅಳೆಯುತ್ತದೆ, ಮೀಟರ್ ಮೇಲಿನದ್ದನ್ನು ಮಾತ್ರ. ಕನ್ನಡದಲ್ಲಿ ಎರಡಕ್ಕೂ ‘ಒತ್ತಡ’ ಎಂದೇ ಬರೆದರೆ, 1 ಬಾರ್ ಬೂಸ್ಟಿಗೆ ಹೊಂದಿಸಬೇಕಾದಲ್ಲಿ ಹುಡುಗ 2ಕ್ಕೆ ಹೊಂದಿಸಿಯಾನು. ಒಟ್ಟು 3 ಬಾರ್ ಆಯಿತು. ಕಂಪೆನಿಯಿಂದ ಬಂದ ಹಾಗೇ ಇರುವ ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗಳು ಅದನ್ನು ತಡೆದುಕೊಳ್ಳಲಿಕ್ಕಿಲ್ಲ.

ಊರು ಬದಲಾದರೂ ಲೆಕ್ಕ ಬದಲಾಗುತ್ತದೆ. ಕಾಸರಗೋಡಿನಿಂದ ಪಾಣತ್ತೂರು ದಾರಿಯಾಗಿ ಘಟ್ಟ ಹತ್ತಿದರೆ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹೊರಗಿನ ಗಾಳಿಯೇ 0.88 ಬಾರ್ ಆಸುಪಾಸಿನಲ್ಲಿ ಇರುತ್ತದೆ. ಮೀಟರ್ ಅಲ್ಲೂ 1 ಬಾರ್ ತೋರಿಸಲಿ, ಒಟ್ಟು ಸಿಗುವುದು 1.88 ಮಾತ್ರ. ಕೆಳಗಿನಷ್ಟೇ ಗಾಳಿ ಬೇಕಾದರೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತದೆ. ಬಿಸಿ ಗಾಳಿಯಿಂದಲೇ ನಾಕಿಂಗ್. ಕಿಡಿಯಿಂದ ಹಬ್ಬುವ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು. ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ದೊಡ್ಡದು ಹಾಕಿಸುವುದು, ಬೇಗ ತಾನಾಗಿ ಸಿಡಿಯದ 100 ಆಕ್ಟೇನ್ ಪೆಟ್ರೋಲ್ ಹುಡುಕುವುದು ಎಲ್ಲ ಇದಕ್ಕೇ.

ಈಗ ಪದಗಳಿಗೆ ಬರುತ್ತೇನೆ. ಮೊದಲು ಹೊಳೆದದ್ದು ‘ಅಧಿಕ ಒತ್ತಡ’. ಅಧಿಕಮಾಸದ ‘ಅಧಿಕ’ ನಮಗೆ ಬೇಕಾದದ್ದೇ: ಇರುವುದರ ಮೇಲೆ ಬಂದು ಸೇರಿದ್ದು. ಆದರೆ ಡಾಕ್ಟರು ‘ಅಧಿಕ ರಕ್ತದೊತ್ತಡ’ ಅಂದಾಗ ಅದೇ ‘ಅಧಿಕ’ಕ್ಕೆ ಮಿತಿ ಮೀರಿದ್ದು, ಕಾಯಿಲೆ ಎಂಬ ಅರ್ಥ. ಓದುವವನಿಗೆ ಮೊದಲು ನೆನಪಾಗುವುದು ಡಾಕ್ಟರು. ‘ಹೆಚ್ಚುವರಿ ಒತ್ತಡ’ ಅರ್ಥದಲ್ಲಿ ಚೊಕ್ಕ, ಕಿವಿಗೆ ಮಾತ್ರ ಹೆಚ್ಚುವರಿ ಜಿಲ್ಲಾಧಿಕಾರಿಯ ಕಚೇರಿ. ‘ಮೇಲೊತ್ತಡ’ ನನಗೆ ಇಷ್ಟ. ಚಿಕ್ಕದು, ಹುಡುಗರ ಬಾಯಲ್ಲಿ ನಿಲ್ಲಬಹುದು. ಅದಕ್ಕೂ ಒಂದು ಕೊಕ್ಕೆ ಉಂಟು. “ಮೇಲಿನಿಂದ ಒತ್ತಡ ಬಂತು” ಅಂದರೆ ನಮ್ಮಲ್ಲಿ ಯಾರೋ ಮಂತ್ರಿ ಫೋನ್ ಮಾಡಿದ ಅಂತ. ಆದರೂ ‘ಒಟ್ಟೊತ್ತಡ’ ಎಂಬ ಜೋಡಿ ಪದ ಪಕ್ಕದಲ್ಲೇ ಇದ್ದರೆ ಗೊಂದಲ ಆಗಲಿಕ್ಕಿಲ್ಲ ಎಂದು ನನ್ನ ಎಣಿಕೆ. ‘ವಾಯುಭಾರ’ ಹವಾಮಾನದವರ ವಶದಲ್ಲಿದೆ. ವಾಯುಭಾರ ಕುಸಿತ ಎಂದರೆ ಮಳೆ. ಅದನ್ನು ಕಾರಿಗೆ ತರುವುದು ಬೇಡ.

ಕ್ರಿಯಾಪದದಲ್ಲೂ ಎಡವಟ್ಟು. ಗ್ಯಾರೇಜಿನ ಮಲಯಾಳದಲ್ಲಿ “ಬೂಸ್ಟ್ ಕೂಟ್ಟಿ” ಅನ್ನುತ್ತಾರೆ, ಹೆಚ್ಚಿಸಿದೆ ಎಂಬರ್ಥದಲ್ಲಿ. ನಮ್ಮ ಹುಡುಗರು ಅದನ್ನು ಕನ್ನಡದಲ್ಲಿ “ಬೂಸ್ಟ್ ಕೂಡಿಸಿದ್ದೇನೆ” ಎಂದು ಬರೆಯುತ್ತಾರೆ. ಘಟ್ಟದ ಮೇಲಿನವರಿಗೆ ಇದು ಲೆಕ್ಕದ ಕೂಡಿಸುವಿಕೆ, ಇಲ್ಲದಿದ್ದ ಬೂಸ್ಟನ್ನು ಹೊಸದಾಗಿ ಸೇರಿಸಿದ ಹಾಗೆ. ನಾನು ‘ಏರಿಸು’ ಇಟ್ಟುಕೊಂಡಿದ್ದೇನೆ, ವಿಭಕ್ತಿಯನ್ನು ನೋಡಿಕೊಂಡು: ‘0.2 ಏರಿಸು’ ಬೇರೆ, ‘1.2ಕ್ಕೆ ಏರಿಸು’ ಬೇರೆ. ಇಷ್ಟು ಸಲೀಸಾಗಿ ಬೇರ್ಪಡಿಸಿ ಕೊಡುವ ಕನ್ನಡಕ್ಕೆ ಒಂದು ನಮಸ್ಕಾರ.

ಇನ್ನು ‘ಮಾಡಿಫಿಕೇಶನ್’. ಇಲ್ಲಿನ ಮಲಯಾಳ ಪತ್ರಿಕೆಗಳು ‘ರೂಪಮಾಟ್ಟಂ’ ಎಂದು ಬರೆಯುತ್ತವೆ; ಅದನ್ನು ನೋಡಿ ನಮ್ಮವರು ‘ರೂಪ ಬದಲಾವಣೆ’ ಮಾಡಿದ ವಾಹನ ಎನ್ನುತ್ತಾರೆ. ಕರ್ನಾಟಕದ ಪೊಲೀಸರ ಮಾತಿನಲ್ಲಿ ಸದ್ದಿನ ಸೈಲೆನ್ಸರೆಲ್ಲ ‘ದೋಷಪೂರಿತ’. ಹಾಕಿಸಿಕೊಂಡವನು ಅದಕ್ಕೆ ಸಾವಿರಾರು ಸುರಿದಿರುತ್ತಾನೆ, ದೋಷ ಎಲ್ಲಿ ಬಂತು! ಟರ್ಬೊ ವಿಷಯದಲ್ಲಿ ‘ರೂಪ’ ಪೂರಾ ತಪ್ಪು. ಇಸಿಯು (ಎಂಜಿನನ್ನು ನಡೆಸುವ ಪುಟ್ಟ ಕಂಪ್ಯೂಟರ್) ರೀಮ್ಯಾಪ್ ಮಾಡಿದ ಕಾರಿನ ಒಂದು ಸ್ಕ್ರೂ ಕೂಡ ಬದಲಾಗಿರುವುದಿಲ್ಲ, ಬದಲಾದದ್ದು ಒಳಗಿನ ಅಂಕಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ‘ಆಲ್ಟರೇಶನ್’ಗೆ ‘ಮಾರ್ಪಾಡು’ ಸಾಕೆಂದು ನನಗೆ ಕಾಣುತ್ತದೆ. 2019ರ ತಿದ್ದುಪಡಿಯಂತೆ ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಎಣಿಸಲಾಗುವ ಪದವೇ ಬೇಕು. ‘ಬದಲಾವಣೆ’ಯನ್ನು ಎಣಿಸುವುದು ಕಷ್ಟ, ‘ಎರಡು ಮಾರ್ಪಾಡು’ ಸರಾಗ.

‘ಆಫ್ಟರ್‌ಮಾರ್ಕೆಟ್’ (ಕಾರಿನ ಕಂಪೆನಿಯಲ್ಲದೆ ಬೇರೆಯವರು ಮಾಡಿದ ಬಿಡಿಭಾಗ) ಎಂಬುದಕ್ಕೆ ಪದ ನನ್ನ ಕೈಗೆ ಸಿಕ್ಕಿಲ್ಲ. ಸ್ಪೇರ್ ಅಂಗಡಿಯಲ್ಲಿ “ಕಂಪೆನಿದ್ದು ಬೇಕಾ, ಲೋಕಲ್ ಸಾಕಾ?” ಎಂದು ಕೇಳುತ್ತಾರೆ. ಈ ಎರಡೇ ಖಾನೆ. ಕಂಪೆನಿಯದ್ದಕ್ಕಿಂತ ದುಬಾರಿ, ಗಟ್ಟಿ ಇರುವ ಇಂಟರ್‌ಕೂಲರನ್ನು ‘ಲೋಕಲ್’ ಅಂದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಸದ್ಯಕ್ಕೆ ‘ಹೊರಗಿನ ಪಾರ್ಟ್ಸ್’ ಎಂದಿದ್ದೇನೆ.

ಕೊನೆಗೊಂದು ಪದ, ಇದರಲ್ಲಿ ನನಗೆ ಹುರುಪು. ಬೂಸ್ಟ್ ಮಿತಿ ಮೀರದಂತೆ ಹೊಗೆಯ ಒಂದು ಪಾಲನ್ನು ಟರ್ಬೊ ಚಕ್ರದ ಪಕ್ಕದಿಂದ ಹರಿಯಬಿಡುವ ಬಾಗಿಲಿಗೆ ‘ವೇಸ್ಟ್‌ಗೇಟ್’ ಎನ್ನುತ್ತಾರೆ. ಯಂತ್ರಾನುವಾದದಲ್ಲಿ ಇದು ‘ತ್ಯಾಜ್ಯ ದ್ವಾರ’ ಆಗಿ ಪಂಚಾಯತಿನ ಕಸದ ಗಾಡಿ ಕಣ್ಣಿಗೆ ಬರುತ್ತದೆ. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಹರಿದುಹೋಗುವ ಜಾಗಕ್ಕೆ ಕನ್ನಡದಲ್ಲಿ ‘ಕೋಡಿ’ ಇದೆಯಲ್ಲ! ‘ಕೋಡಿಬಾಗಿಲು’ ಎಂದರೆ ಹೇಗೆ? ಅಳಿಯ ಕೇಳಿ ನಕ್ಕ, ಹುಡುಗರು ಮಾತ್ರ ಒಪ್ಪಿದರು. ಕರಾವಳಿಯಲ್ಲಿ ಕೋಡಿ ಎಂದರೆ ಕುಂದಾಪುರದ ಕೋಡಿಯೇ ಮೊದಲು ನೆನಪಾಗುವುದು ಎಂಬ ತಕರಾರು ಬರಬಹುದು.

ಹೊಸೂರು, ಆದೋನಿ, ಸೊಲ್ಲಾಪುರ ಕಡೆಯ ಸದಸ್ಯರಲ್ಲಿ ಕೇಳಿಕೆ: ನಿಮ್ಮ ಊರಿನ ಮೆಕ್ಯಾನಿಕ್ಕುಗಳು ಬೂಸ್ಟ್ ಏರಿಸುವುದಕ್ಕೆ ತಮಿಳು, ತೆಲುಗು, ಮರಾಠಿ ಬೆರೆಸಿ ಏನೆನ್ನುತ್ತಾರೆ? ‘ಮೇಲೊತ್ತಡ’ಕ್ಕೆ ಆಕ್ಷೇಪ ಇದ್ದರೆ ಬದಲಿ ಪದದ ಜೊತೆಗೆ ಬರೆಯಿರಿ, ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ.