ಕಾಡಂಚಿನ ತೋಟದ ಮನೆಯತ್ತ ಬೆಂಕಿ ಬರುತ್ತಿದ್ದರೆ ಮೊದಲು ಏನು ಮಾಡಬೇಕು?

ಸರಗೂರು ತೋಟದವ (ಪ್ರಶ್ನೆ):

ನಮ್ಮ ತೋಟದ ಮನೆ ಸರಗೂರು ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿಗೆ ತಾಗಿದಂತೆ ಇದೆ. ನಾನು ಕೆಲಸದ ನಿಮಿತ್ತ ಮೈಸೂರಿನಲ್ಲಿದ್ದೇನೆ. ಅಲ್ಲಿರುವವರು ಎಪ್ಪತ್ತು ದಾಟಿದ ತಂದೆ, ತಾಯಿ ಮತ್ತು ನಾಲ್ಕು ಹಸುಗಳು. ಹೋದ ಬೇಸಿಗೆಯಲ್ಲಿ ಆನೆ ಕಂದಕದ ಆಚೆ ಹತ್ತಿದ ಬೆಂಕಿ, ಗಾಳಿ ತಿರುಗಿದ್ದರಿಂದ ಎರಡು ಫರ್ಲಾಂಗು ದೂರದಲ್ಲೇ ನಿಂತಿತು. ಅಂದು ಬೋರ್‌ವೆಲ್ ಮೋಟಾರು ಹಾಕಲು ಹೋದರೆ ಕರೆಂಟೇ ಇರಲಿಲ್ಲವಂತೆ. ತಂದೆಯವರು ಒದ್ದೆ ಗೋಣಿಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರಂತೆ. ಮನೆ ಮಂಗಳೂರು ಹೆಂಚಿನದು, ಕೊಟ್ಟಿಗೆಗೆ ಒರಗಿದಂತೆ ರಾಗಿ ಹುಲ್ಲಿನ ಮೆದೆ ಇದೆ, ಬಚ್ಚಲ ತಾರಸಿಯ ಮೇಲೆ ಸಾವಿರ ಲೀಟರಿನ ಒಂದು ಟ್ಯಾಂಕು ಇದೆ. ಅರ್ಧ ಗಂಟೆ ಮಾತ್ರ ಕೈಯಲ್ಲಿದೆ ಎಂದುಕೊಂಡರೆ ಯಾವ ಕೆಲಸ ಮೊದಲು? ಬೇಲಿಯ ಬಳಿ ನಾವೇ ಎದುರು ಬೆಂಕಿ ಕೊಡಬೇಕೆಂದು, ಅಂದರೆ ಬರುವ ಬೆಂಕಿಗೆ ಸುಡಲು ಏನೂ ಸಿಗದಂತೆ ನಡುವಿನ ಹುಲ್ಲನ್ನು ಮೊದಲೇ ಸುಟ್ಟುಬಿಡಬೇಕೆಂದು, ಪಕ್ಕದ ಜಮೀನಿನವರು ಹೇಳುತ್ತಾರೆ. ಅದು ಸರಿಯೇ?

ಹಳೆಯ ಬೆಂಕಿ ಕಾವಲುಗಾರ:

ಅಂತರಸಂತೆ ಕಡೆಯ ಕಾಡಿನಲ್ಲಿ ನಾಲ್ಕು ಬೇಸಿಗೆ ಬೆಂಕಿ ಕಾವಲಿಗೆ ಹೋದವನು ನಾನು. ಎದುರು ಬೆಂಕಿಯ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಗಾಳಿ ಮತ್ತು ಇಳಿಜಾರಿನ ಅಂದಾಜು, ಮುಂಚೆಯೇ ಹುಲ್ಲು, ಗಿಡಗಂಟಿ ಸವರಿದ ಬೆಂಕಿ ರೇಖೆ, ಅದರುದ್ದಕ್ಕೂ ನಿಂತ ಜನ, ಇಷ್ಟೂ ಇದ್ದಾಗಲೂ ಅನುಭವಸ್ಥರು ಅಳುಕುತ್ತಲೇ ಮಾಡುವ ಕೆಲಸ ಅದು. ಗಾಳಿ ತಿರುಗಿದರೆ ನಿಮ್ಮ ಮನೆಗೆ ನೀವೇ ಕೊಳ್ಳಿ ಇಟ್ಟಂತಾಗುತ್ತದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕಾಡ್ಗಿಚ್ಚಿನಲ್ಲಿ ಮನೆಗಳು ಸುಡುವುದು ಹೆಚ್ಚಾಗಿ ಕಣ್ಣೆದುರಿನ ಜ್ವಾಲೆಯಿಂದಲ್ಲ, ಅದಕ್ಕಿಂತ ಮುಂಚೆಯೇ ಗಾಳಿಯಲ್ಲಿ ಹಾರಿ ಬರುವ ಕಿಡಿಗಳಿಂದ. ಲಂಟಾನ ಹಸಿಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಒಣಗಿದ ಬಿದಿರು ಮೆಳೆಗೆ ಬೆಂಕಿ ತಗುಲಿತೆಂದರೆ ಗಿಣ್ಣುಗಳು ಪಟಾಕಿಯಂತೆ ಸಿಡಿದು, ಕೆಂಡದ ಚೂರುಗಳು ರಸ್ತೆಯನ್ನೂ ಕಂದಕವನ್ನೂ ದಾಟಿ ಬೀಳುತ್ತವೆ. ಆನೆ ಕಂದಕವನ್ನು ನಂಬಿ ಕೂರಬೇಡಿ, ಅದರೊಳಗೆ ಬೆಳೆದು ಒಣಗಿದ ಹುಲ್ಲೇ ಬೆಂಕಿಗೆ ಬತ್ತಿಯಾಗುತ್ತದೆ.

ನಿಮ್ಮ ವಿವರಣೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಮೆದೆ. ಕಣದ ಕೆಲಸ ಮುಗಿದು ಹುಲ್ಲು ಒಟ್ಟುವಾಗಲೇ ಅದನ್ನು ಮನೆ, ಕೊಟ್ಟಿಗೆಗಳಿಂದ ಮೂವತ್ತು ಅಡಿಗಿಂತ ದೂರಕ್ಕೆ, ಕಾಡಿನ ಕಡೆಗಲ್ಲದ ಮಗ್ಗುಲಿಗೆ ಒಟ್ಟಿಸಿ. ಗೋಡೆಯಿಂದ ಐದು ಅಡಿಯವರೆಗೆ ಬರಿ ಮಣ್ಣಿರಲಿ: ಬೆರಣಿ, ಸೌದೆ, ತೆಂಗಿನ ಗರಿ, ಸುತ್ತಿಟ್ಟ ಡ್ರಿಪ್ ಪೈಪು ಯಾವುದೂ ಬೇಡ. ಸೂರಿನ ಮೇಲಿನ ತರಗೆಲೆಯನ್ನು ಶಿವರಾತ್ರಿಯೊಳಗೆ ಒಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಗುಡಿಸಬೇಕು.

ಅರ್ಧ ಗಂಟೆಯ ಮಾತಿಗೆ ಬಂದರೆ, ಮೊದಲು 112ಕ್ಕೂ ವಲಯ ಅರಣ್ಯ ಕಚೇರಿಗೂ ಫೋನು. ಆಮೇಲೆ ಹಸುಗಳ ಹಗ್ಗ ಬಿಚ್ಚಿ, ಉತ್ತು ಬಿಟ್ಟ ಹೊಲಕ್ಕೋ ನೀರು ಕಟ್ಟಿದ ಗದ್ದೆಗೋ ಹೊಡೆಯಬೇಕು. ಕಟ್ಟಿದ ಹಸುವಿನಷ್ಟು ಅಸಹಾಯಕ ಜೀವ ಬೇರೆ ಇಲ್ಲ. ಕಿಟಕಿ, ಬಾಗಿಲು ಮುಚ್ಚಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಮಾಡಿ. ಟ್ಯಾಂಕಿನ ನೀರನ್ನು ಮೆದೆಯ ಮೇಲೆ ಸುರಿದು ಖಾಲಿ ಮಾಡಬೇಡಿ, ಮೇಲ್ಪದರ ತೊಯ್ದರೂ ಒಳಗಿನ ಹುಲ್ಲು ಒಣಗಿಯೇ ಇರುತ್ತದೆ. ಉಳಿದ ಹೊತ್ತಿನಲ್ಲಿ ಹೊರಡುವುದಷ್ಟೇ.

ಮೇಲುಕೋಟೆ ರೈತ:

ಮೇಲಿನವರು ಹೇಳಿದ್ದೆಲ್ಲ ಬೆಂಕಿ ಬರುವ ಮುಂಚಿನದು. ನಾನು ಕೆಟ್ಟಿದ್ದು ಬೆಂಕಿ ಹೋದ ಮೇಲೆ. ಗುಡ್ಡದ ಕುರುಚಲಿನಿಂದ ಇಳಿದ ಬೆಂಕಿಯನ್ನು ಊರವರೆಲ್ಲ ಸೇರಿ ಹೊಂಗೆಯ ಹಸಿ ಸೊಪ್ಪಿನಲ್ಲಿ ಬಡಿದು, ಬದುವಿನಾಚೆಯೇ ಆರಿಸಿದೆವು. ಮನೆ ಉಳಿಯಿತೆಂದು ನಾನು ಎದುರು ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತೆ. ಎರಡು ಗಂಟೆ ಕಳೆದ ಮೇಲೆ ಕೊಟ್ಟಿಗೆಯ ಹೆಂಚಿನ ಸಂದಿಯಿಂದ ಎಳೆಯಂತಹ ಹೊಗೆ ಏಳುವುದು ಕಂಡಿತು. ಹೆಂಚಿನಡಿ ಇಲಿ ಕೂಡಿಟ್ಟಿದ್ದ ಹುಲ್ಲಿನ ಗೂಡಿಗೆ ಒಂದು ಕಿಡಿ ಹೊಕ್ಕು, ಅಷ್ಟು ಹೊತ್ತೂ ಸದ್ದಿಲ್ಲದೆ ಒಳಗೊಳಗೇ ಕನಲುತ್ತ ಕೂತಿತ್ತು. ಏಣಿ ತರುವಷ್ಟರಲ್ಲಿ ತೊಲೆಗೆ ಹತ್ತಿತು, ಕೊಟ್ಟಿಗೆ ಹೋಯಿತು.

ಈಗ ನಮ್ಮಲ್ಲಿ ಬೇಸಿಗೆಯುದ್ದಕ್ಕೂ ಏಣಿ ಗೋಡೆಗೆ ಒರಗಿಯೇ ಇರುತ್ತದೆ. ಬೆನ್ನಿಗೆ ಹಾಕುವ ಹದಿನಾರು ಲೀಟರಿನ ಸ್ಪ್ರೇಯರನ್ನು ಔಷಧಿಯ ವಾಸನೆ ಹೋಗುವಂತೆ ತೊಳೆದು ನೀರು ತುಂಬಿಟ್ಟಿರುತ್ತೇನೆ. ಸಂದಿಯಲ್ಲಿನ ಕಿಡಿಗೆ ಬಿಂದಿಗೆ ನೀರಿಗಿಂತ ಅದೇ ಮೇಲು, ಕರೆಂಟೂ ಬೇಕಾಗಿಲ್ಲ.

ನಂಜನಗೂಡು ಶಿಕ್ಷಕಿ:

ಇಬ್ಬರೂ ಹೇಳಿದ್ದು ಉಪಯುಕ್ತವೇ, ಆದರೆ ಇವನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಸಿದ್ಧತೆಯಿದ್ದವರು ಮನೆಯಲ್ಲೇ ನಿಂತು ರಕ್ಷಿಸಿಕೊಳ್ಳಬಹುದು, ಇಲ್ಲದವರು ಬೇಗನೆ ಹೊರಟುಬಿಡಬೇಕು ಎಂಬ ಸಲಹೆ ಬಹಳ ಕಾಲ ಇತ್ತು. 2009ರ ಫೆಬ್ರವರಿ 7ರ ಬೆಂಕಿಯಲ್ಲಿ 173 ಜನ ಸತ್ತರು, ಅವರಲ್ಲಿ ಅನೇಕರು ಮನೆಗಳೊಳಗೇ. ಆಮೇಲೆ, ತೀವ್ರ ಅಪಾಯದ ದಿನಗಳಲ್ಲಿ ಬೇಗ ಹೊರಡುವುದೇ ಸುರಕ್ಷಿತ ಎಂದು ಆ ಸಲಹೆಯನ್ನು ಬಿಗಿಗೊಳಿಸಿದರು. ನಮ್ಮ ಪಕ್ಕದ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚಿನಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿಬಿದ್ದ ಚಾರಣಿಗರಲ್ಲಿ ಹಲವರು ಗಟ್ಟಿಮುಟ್ಟಾದ ವಯಸ್ಸಿನವರು. ಇಳಿಜಾರಿನಲ್ಲಿ ಮೇಲೇರುವ ಬೆಂಕಿಗೆ ಮನುಷ್ಯನ ಓಟ ಸಾಲದು. ಎಪ್ಪತ್ತು ದಾಟಿದವರ ಕೈಗೆ ಗೋಣಿಚೀಲ ಕೊಡುವುದನ್ನು ನಾನಂತೂ ಒಪ್ಪಲಾರೆ. ಹೊಗೆ ಕಂಡೊಡನೆ ಅವರು ಹೊರಡಲಿ, ಅದೂ ಹಗಲಿನಲ್ಲಿ. ಕತ್ತಲಾದರೆ ಅದೇ ದಾರಿಗೆ ಆನೆಗಳೂ ಇಳಿದಿರುತ್ತವೆ.

ಸರಗೂರು ತೋಟದವ:

ಎಲ್ಲರಿಗೂ ಧನ್ಯವಾದಗಳು. ತಂದೆಯವರಿಗೆ ಓದಿ ಹೇಳಿದೆ. ಮೆದೆ ಸರಿಸಲು ಈ ಭಾನುವಾರಕ್ಕೆ ಇಬ್ಬರು ಆಳುಗಳನ್ನು ಗೊತ್ತು ಮಾಡಿದ್ದಾರೆ. ಹೊಗೆ ಕಂಡರೆ ಮನೆ ಬಿಟ್ಟು ಹೊರಡುವ ಮಾತಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಹಸುಗಳನ್ನು ಯಾರು ಬಿಚ್ಚುತ್ತಾರೆ ಎಂದು ತಿರುಗಿ ಕೇಳಿದರು. ಪಕ್ಕದ ಜಮೀನಿನವರ ಮಗನೊಂದಿಗೆ ನಾಳೆ ಮಾತನಾಡುತ್ತೇನೆ.