ಅಪ್‌ಡೇಟ್: ಬ್ರೋಕನ್ ಹಿಲ್‌ಗೆ ಹೋಗಿ ಬಂದೆವು

ಸಿಡ್ನಿಯಿಂದ ಅಡಿಲೇಡ್‌ಗೆ ಕಾರಲ್ಲಿ ಹೋಗುವಾಗ ಆಸ್ಟ್ರೇಲಿಯಾದ ಗಣಿ ಊರಾದ ಬ್ರೋಕನ್ ಹಿಲ್‌ನಲ್ಲಿ ಒಂದು ರಾತ್ರಿ ಸಾಕಾ ಅಂತ ಹೋದ ತಿಂಗಳು ಕೇಳಿದ್ದೆ. ಎರಡು ರಾತ್ರಿ ಇರಿ ಅಂದವರಿಗೆ ಥ್ಯಾಂಕ್ಸ್. ಎರಡೂ ಸಾಲಲಿಲ್ಲ!

ಮೊದಲು ನಮ್ಮ ಪೆದ್ದುತನ. ಊರು ನ್ಯೂ ಸೌತ್ ವೇಲ್ಸ್‌ನಲ್ಲಿದ್ದರೂ ಗಡಿಯಾರ ಮಾತ್ರ ಅಡಿಲೇಡ್‌ದು, ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಮ್ಯೂಸಿಯಂ ಬಾಗಿಲಲ್ಲಿ ಸುಮ್ನೆ ಕಾದು ನಿಂತೆವು.

ಗಣಿ ದಿಬ್ಬದ ಮೇಲಿನ ಸ್ಮಾರಕದಲ್ಲಿ ಸತ್ತ ಕಾರ್ಮಿಕರ 800ಕ್ಕೂ ಜಾಸ್ತಿ ಹೆಸರುಗಳಿವೆ. ಹೆಸರಿನ ಜೊತೆ ಹೇಗೆ ಸತ್ತರು ಅಂತಲೂ ಬರೆದಿದ್ದಾರೆ. ಓದುತ್ತಾ ಹೋದಂತೆ ಮಾತೇ ಹೊರಡಲಿಲ್ಲ.

ಆದರೆ ನನಗೆ ತುಂಬಾ ಹಿಡಿಸಿದ್ದು ತಗಡಿನ ಪುಟ್ಟ ಮಸೀದಿ. 19ನೇ ಶತಮಾನದಲ್ಲಿ ಅಫ್ಘಾನಿಸ್ತಾನ ಮತ್ತು ನಮ್ಮ ಭಾರತದ ಕಡೆಯಿಂದ ಬಂದ ಒಂಟೆ ಸವಾರರು ಕಟ್ಟಿಕೊಂಡದ್ದು. ದೂರದಿಂದ ಯಾರದೋ ಹಿತ್ತಲ ಶೆಡ್ ಅಂದುಕೊಂಡು ದಾಟಿಯೇ ಹೋಗಿದ್ದೆವು.

ಬೀದಿಗಳ ಹೆಸರು ಆರ್ಜೆಂಟ್, ಆಕ್ಸೈಡ್, ಸಲ್ಫೈಡ್, ಕ್ಲೋರೈಡ್. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ದಾರಿ ತಪ್ಪಿದ ಹಾಗೆ, ಅಲ್ವಾ? ದೇಶದ ರಾಷ್ಟ್ರೀಯ ಪರಂಪರೆ ಪಟ್ಟಿಗೆ 2015ರಲ್ಲಿ ಇಡೀ ಊರೇ ಸೇರಿದೆ.

ಅಲ್ಲಿಂದ ಸಿಲ್ವರ್ಟನ್ ಅನ್ನೋ ಹಳೇ ಗಣಿ ಊರು 25 ಕಿ.ಮೀ. ಅಷ್ಟೇ. ಹೋಗುವವರು ಸಂಜೆಗೆ ಇಟ್ಟುಕೊಳ್ಳಿ, ನಾವು ಮಧ್ಯಾಹ್ನ ಹೋಗಿ ನೊಣಗಳಿಗೆ ಸಿಕ್ಕಿಬಿದ್ದೆವು.