ಸೆನ್ಸರ್‌ನಲ್ಲಿ 912, ಆ್ಯಪ್‌ನಲ್ಲಿ 1010: ಕೆಟ್ಟಿರುವುದು ಯಾವುದು?

ಮೋಡಗಣ್ಣು: ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಪುಟ್ಟ ಹವಾಮಾನ ಕೇಂದ್ರ ಮಾಡಿಕೊಂಡಿದ್ದೇನೆ. ಬಿಎಂಪಿ280 ಸೆನ್ಸರ್. ಗಾಳಿಯ ಒತ್ತಡ 912 ಹೆಕ್ಟೋಪಾಸ್ಕಲ್ ಅಂತ ತೋರಿಸುತ್ತಿದೆ. ಅದೇ ಹೊತ್ತಿಗೆ ಫೋನಿನ ಆ್ಯಪ್‌ನಲ್ಲಿ 1010. ತಂತಿ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ, ಕೋಡ್ ಬದಲಿಸಿದೆ, ಕೊನೆಗೆ ಹೊಸ ಸೆನ್ಸರ್ ತಂದೆ. ಅದೂ 912 ಅನ್ನುತ್ತಿದೆ! ಎರಡೂ ಕೆಟ್ಟೇ ಬಂದಿರಬಹುದಾ?

ಪಾದರಸ: ಎರಡು ಸೆನ್ಸರ್ ಸೇರಿಕೊಂಡು ಒಂದೇ ಸುಳ್ಳು ಹೇಳುವುದು ಅಪರೂಪ. ನಿಮ್ಮ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರ?

ಮೋಡಗಣ್ಣು: 900 ಮೀಟರ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಪಾದರಸ: ಗುಟ್ಟು ಇರುವುದೇ ಅಲ್ಲಿ. ಒತ್ತಡ ಅಂದರೆ ನಮ್ಮ ತಲೆ ಮೇಲಿರುವ ಗಾಳಿಯ ಭಾರ. ಸಮುದ್ರ ಮಟ್ಟದಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 10 ಟನ್ ಗಾಳಿ ಕೂತಿರುತ್ತದೆ. 900 ಮೀಟರ್ ಮೇಲಕ್ಕೆ ಹೋದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಟನ್ ನಿಮಗಿಂತ ಕೆಳಗೆ ಉಳಿಯಿತು. ಸೆನ್ಸರ್ ತೂಗುವುದು ಮೇಲಿರುವುದನ್ನು ಮಾತ್ರ. ಹಾಗಾಗಿ 912 ಸರಿಯಾಗಿಯೇ ಇದೆ.

ಆ್ಯಪ್‌ನ 1010 ಅಳತೆಯಲ್ಲ, ಲೆಕ್ಕ. ನಿಮ್ಮ ಜಾಗ ಸಮುದ್ರ ಮಟ್ಟದಲ್ಲಿ ಇದ್ದಿದ್ದರೆ ಎಷ್ಟಿರುತ್ತಿತ್ತು ಅನ್ನುವ ಲೆಕ್ಕ. ಹಾಗೆ ಮಾಡದಿದ್ದರೆ ಹವಾಮಾನ ನಕ್ಷೆಯಲ್ಲಿ ಪ್ರತಿ ಬೆಟ್ಟವೂ ವಾಯುಭಾರ ಕುಸಿತದ ಹಾಗೆ ಕಾಣುತ್ತಿತ್ತು! ಕೋಡ್‌ನಲ್ಲಿ 912 ಅನ್ನು (1 − 900/44330) ಇದರ 5.255ನೇ ಘಾತದಿಂದ ಭಾಗಿಸಿ ನೋಡಿ.

ಮೋಡಗಣ್ಣು: ಮಾಡಿದೆ. 1016 ಬಂತು. ಮೊದಲು ಕಡಿಮೆ ಇತ್ತು, ಈಗ ಜಾಸ್ತಿ. ಇನ್ನೂ 6 ವ್ಯತ್ಯಾಸ.

ಗಾಳಿಪಟ: ನಡುವೆ ಬಾಯಿ ಹಾಕುತ್ತೇನೆ. ಆ ಸೂತ್ರ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಅಂತ ಸುಮ್ನೆ ಅಂದುಕೊಂಡಿರುತ್ತದೆ. ನಿಮ್ಮಲ್ಲಿ ಈಗ ಎಷ್ಟು?

ಮೋಡಗಣ್ಣು: 25.

ಗಾಳಿಪಟ: ನೋಡಿ, ಬಿಸಿ ಗಾಳಿ ಹಗುರ. ಅದೇ 900 ಮೀಟರ್ ಗಾಳಿಯ ಕಂಬ ತಂಪಾಗಿದ್ದಾಗ ಸುಮಾರು 104 ಹೆಕ್ಟೋಪಾಸ್ಕಲ್ ತೂಗಿದರೆ, ನಿಮ್ಮ ಬಿಸಿಗೆ 98ರಷ್ಟೇ ತೂಗುತ್ತದೆ. 912ಕ್ಕೆ 98 ಕೂಡಿಸಿ.

ಮೋಡಗಣ್ಣು: 1010! ಎರಡು ವಾರ ಇದಕ್ಕಾ ನಿದ್ದೆಗೆಟ್ಟಿದ್ದು? ಇನ್ನೊಂದು ಅನುಮಾನ. ದಿನಾ ಬೆಳಗ್ಗೆ 10ರ ಹೊತ್ತಿಗೆ ಒತ್ತಡ ಏರುತ್ತದೆ, ಸಂಜೆ 4ಕ್ಕೆ 3ರಷ್ಟು ಇಳಿಯುತ್ತದೆ. ರಾತ್ರಿ ಮತ್ತೆ ಏರುತ್ತದೆ. ಮಳೆಯೂ ಇಲ್ಲ, ಮೋಡವೂ ಇಲ್ಲ. ಸೆನ್ಸರ್ ಬಿಸಿಯಾಗಿ ಹೀಗೆ ಆಡುತ್ತಿದೆಯಾ?

ಪಾದರಸ: ಬಿಸಿಯಾಗಿದ್ದರೆ ದಿನಕ್ಕೆ ಒಂದು ಸಲ ಏರಿಳಿಯಬೇಕಿತ್ತು, ಎರಡು ಸಲ ಅಲ್ಲ ಅಲ್ವಾ? ಇದು ಗಾಳಿಯ ಉಬ್ಬರವಿಳಿತ. ಮೇಲಿರುವ ಓಝೋನ್ ಮತ್ತು ನೀರಾವಿ ಬಿಸಿಲು ಹೀರಿ ಕಾಯುತ್ತವೆ, ಅದರಿಂದ ಎದ್ದ ಅಲೆ ಇಡೀ ವಾತಾವರಣವನ್ನು ತೂಗಿಸುತ್ತದೆ. ಭೂಮಧ್ಯ ರೇಖೆಯ ಅಕ್ಕಪಕ್ಕದ ಪ್ರದೇಶಗಳಲ್ಲಿ ದಿನಾ 2–3 ಹೆಕ್ಟೋಪಾಸ್ಕಲ್ ಏರಿಳಿತ ಮಾಮೂಲು. ಧ್ರುವಗಳ ಕಡೆ ಹೋದಂತೆ ಕಾಣುವುದೇ ಕಷ್ಟ. ಹಾಗಾಗಿ ಸಂಜೆ 4ರ ಇಳಿತ ನೋಡಿ ಮಳೆ ಬರುತ್ತೆ ಅಂತ ಬಟ್ಟೆ ಎತ್ತಿಡಬೇಡಿ. ನಿನ್ನೆ 4 ಗಂಟೆಗೂ ಇವತ್ತು 4 ಗಂಟೆಗೂ ಹೋಲಿಸಿ.

ಅನುಮಾನ ಇನ್ನೂ ಇದ್ದರೆ ಸೆನ್ಸರ್ ಹಿಡಿದು ಮೂರು ಮಹಡಿ ಹತ್ತಿ. ಸುಮಾರು 1 ಕಡಿಮೆ ಆಗಬೇಕು.

ಮೋಡಗಣ್ಣು: ಹತ್ತಿ ಬಂದೆ. ಕೆಳಗೆ 911.8, ಮೇಲೆ 910.8. ಇಳಿದು ಬಂದಾಗ ಮತ್ತೆ 911.8. ಎರಡನೇ ಸೆನ್ಸರ್ ಯಾರಿಗಾದರೂ ಬೇಕಾ?